ಭಾನುವಾರ ಮೈಸೂರಿಗೆ ಹೊರಟಿದ್ದೀರಾ? ಫೋಟೋಗೆ ಜಾಗ ಹುಡುಕೋ ಮೊದಲು ಬಿಸಿಲು ಎಲ್ಲಿದೆ ನೋಡಿ

ಹುಣಸೂರು: ನಮ್ಮ ಬೀದಿಯ ಕಿರಾಣಿ ಅಂಗಡಿ ಅಣ್ಣ ವರ್ಷಕ್ಕೆ ಒಂದೋ ಎರಡೋ ಭಾನುವಾರ ಮಾತ್ರ ಪೂರ್ತಿ ಶಟರ್ ಎಳೆಯುತ್ತಾರೆ. ಹೋದ ವರ್ಷ ಅಂಥದ್ದೊಂದು ಭಾನುವಾರ ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅವ್ವ ಎಲ್ಲರನ್ನೂ ಕರ್ಕೊಂಡು ಮೈಸೂರಿಗೆ ಹೋಗಿದ್ದರು. ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಹೋಟೆಲ್ ಊಟ, ಸಂಜೆ ನಾಲ್ಕೂವರೆಗೆ ಅರಮನೆ. ನೂರಕ್ಕೂ ಜಾಸ್ತಿ ಫೋಟೋ ತೆಗೆದುಕೊಂಡು ಬಂದರು.

ಆರು ತಿಂಗಳಾದ ಮೇಲೆ ಅವ್ವ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಫ್ರೇಮ್ ಹಾಕಿಸಬೇಕು, ಒಂದು ಒಳ್ಳೆ ಫೋಟೋ ಹುಡುಕಿಕೊಡು ಅಂತ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಅರಮನೆ ಮುಂದೆ ತೆಗೆದ ಇಪ್ಪತ್ತೆಂಟು ಫೋಟೋದಲ್ಲಿ ಅವ್ವ ಇದ್ದಾರೆ. ಒಂದರಲ್ಲೂ ಮುಖ ಕಾಣಲ್ಲ. ಹಿಂದೆ ಆಕಾಶ ಬೆಳ್ಳಗೆ ಸುಣ್ಣ ಬಳಿದ ಹಾಗೆ, ಮುಂದೆ ಐದು ಕಪ್ಪು ಬೊಂಬೆ. ಕೊನೆಗೆ ಸ್ಟುಡಿಯೋದವರು ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟರು. ಆಧಾರ್ ಫೋಟೋ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

"ಜಾಗ ಚೆನ್ನಾಗೇ ಇತ್ತು ಕಣಪ್ಪ, ಮೊಬೈಲೇ ಸರಿ ಇರ್ಲಿಲ್ಲ" ಅಂದರು ಅಣ್ಣ.

ಮೊಬೈಲು ಸರಿಯಾಗೇ ಇತ್ತು. ಮೈಸೂರು ಅರಮನೆಯ ಮುಂಭಾಗ ಇರೋದು ಪೂರ್ವಕ್ಕೆ. ಸಂಜೆ ನಾಲ್ಕೂವರೆಗೆ ಸೂರ್ಯ ಅರಮನೆಯ ಹಿಂದಕ್ಕೆ, ಪಶ್ಚಿಮಕ್ಕೆ ಹೋಗಿರುತ್ತಾನೆ. ಆಗ ಅರಮನೆ ಹಿಂದೆ ಬರುವ ಹಾಗೆ ಮನೆಯವರನ್ನು ನಿಲ್ಲಿಸಿದರೆ ನಿಮ್ಮ ಕ್ಯಾಮೆರಾ ನೋಡುವುದು ನೇರ ಸೂರ್ಯನ ಕಡೆಗೆ. ಮುಖ ಕಪ್ಪಾಗದೆ ಇನ್ನೇನಾಗುತ್ತೆ? ಅದೇ ಕುಟುಂಬ, ಅದೇ ಮೊಬೈಲು, ಅದೇ ಜಾಗ. ಮೃಗಾಲಯ ಸಂಜೆಗೆ, ಅರಮನೆ ಬೆಳಿಗ್ಗೆಗೆ ಅಂತ ಅದಲು ಬದಲು ಮಾಡಿದ್ದರೆ ಅವ್ವನ ಮುಖ ಸಿಗುತ್ತಿತ್ತು.

ಈ ವಿಷಯ ನಾನೇನೂ ಓದಿ ಕಲಿತದ್ದಲ್ಲ. ಬಿಕಾಂ ಎರಡನೇ ವರ್ಷಕ್ಕೆ ಬಿಟ್ಟು ಸುದ್ದಿ ಕಳಿಸೋ ಕೆಲಸಕ್ಕೆ ಬಿದ್ದವನು ನಾನು. ಮೊದಮೊದಲು ಪ್ರತಿಭಟನೆ, ಸಭೆ ಅಂತ ಯಾವುದರ ಫೋಟೋ ಕಳಿಸಿದರೂ ಡೆಸ್ಕಿನವರು "ಯಾರ ಮುಖಾನೂ ಕಾಣ್ತಿಲ್ವಲ್ಲೋ" ಅಂತ ವಾಪಸ್ ಹಾಕೋರು. ಬೈಸಿಕೊಂಡು ಬೈಸಿಕೊಂಡು ಗೊತ್ತಾಗಿದ್ದು ಇಷ್ಟೇ: ಫೋಟೋ ಜಾಗ ಅನ್ನೋದು ಬರೀ ಜಾಗ ಅಲ್ಲ. ಜಾಗ, ಹೊತ್ತು, ನಾವು ಮುಖ ಮಾಡಿದ ದಿಕ್ಕು ಮೂರೂ ಸೇರಿ ಒಂದು ಫೋಟೋ ಜಾಗ. ಇದರಲ್ಲಿ ಎರಡನ್ನು ಊರಲ್ಲಿ ಕೂತೇ, ದುಡ್ಡು ಖರ್ಚಿಲ್ಲದೆ ತಿಳ್ಕೋಬಹುದು.

ಮನೆಯಲ್ಲೇ ಕೂತು ನೋಡೋದು ಹೇಗೆ

ಶನಿವಾರ ರಾತ್ರಿ ಅಂಗಡಿ ಲೆಕ್ಕ ಮುಗಿಸಿದ ಮೇಲೆ ಹತ್ತು ನಿಮಿಷ ಸಾಕು. ಗೂಗಲ್ ಮ್ಯಾಪ್ ತೆಗೆದು ಸ್ಯಾಟಲೈಟ್ ನೋಟಕ್ಕೆ ಹಾಕಿ. ಮ್ಯಾಪನ್ನು ತಿರುಗಿಸದೆ ಹಾಗೇ ಇಟ್ಟರೆ ಮೇಲ್ಗಡೆ ಉತ್ತರ, ಬಲಗಡೆ ಪೂರ್ವ. ನೀವು ಹೋಗಬೇಕಾದ ಕಟ್ಟಡದ ಮುಂಬಾಗಿಲು ಯಾವ ಕಡೆಗಿದೆ ನೋಡಿ. ಬಲಕ್ಕಿದ್ದರೆ ಬೆಳಿಗ್ಗೆ ಹೋಗಿ, ಎಡಕ್ಕಿದ್ದರೆ ಸಂಜೆ ಹೋಗಿ. ಕೆರೆಗೂ ಹೀಗೇ. ಸಂಜೆ ನೀರಿನಾಚೆ ಸೂರ್ಯ ಮುಳುಗೋದು ಬೇಕಾದರೆ ನೀವು ಕೆರೆಯ ಪೂರ್ವ ದಂಡೆಯಲ್ಲಿರಬೇಕು.

ಆಮೇಲೆ ಅದೇ ಜಾಗದ ಹೆಸರು ಒತ್ತಿ ಜನ ಹಾಕಿರುವ ಫೋಟೋ ನೋಡಿ. ಬಣ್ಣ ಬಳಿದು ಮೆರುಗು ಕೊಟ್ಟ ಫೋಟೋ ಬಿಡಿ, ಅದು ನಿಮಗೆ ಉಪಯೋಗ ಇಲ್ಲ. ಸಾಮಾನ್ಯ ಜನ ಮೊಬೈಲಲ್ಲಿ ತೆಗೆದದ್ದು ನೋಡಿ. ನೆರಳು ಯಾವ ಕಡೆ ಬಿದ್ದಿದೆ? ಉದ್ದ ಇದೆಯಾ, ಗಿಡ್ಡ ಇದೆಯಾ? ಚೆನ್ನಾಗಿ ಬಂದಿರೋ ಫೋಟೋದಲ್ಲಿ ನೆರಳು ಉದ್ದವಾಗಿ ಪಕ್ಕಕ್ಕೆ ಬಿದ್ದಿರುತ್ತೆ, ಅಂದರೆ ಬೆಳಿಗ್ಗೆ ಬೇಗ ಇಲ್ಲ ಸಂಜೆ ತಡವಾಗಿ ತೆಗೆದದ್ದು. ತೆಗೆದವರು ಎಲ್ಲಿ ನಿಂತಿದ್ದರು ಅಂತ ಹಿಂದಿನ ಮರ, ಕಂಬ ನೋಡಿ ಲೆಕ್ಕ ಹಾಕಬಹುದು. ಎರಡು ಸಲ ಮಾಡಿದರೆ ಮಕ್ಕಳ ಆಟದ ಥರ ರೂಢಿಯಾಗುತ್ತೆ.

ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರೂವರೆ ತನಕ ನಮ್ಮ ಕಡೆ ಫೋಟೋಗೆ ಕೆಟ್ಟ ಹೊತ್ತು. ಸೂರ್ಯ ಮೇಲಿದ್ದಾಗ ಹಣೆ, ಮೂಗು ಮಾತ್ರ ಬೆಳ್ಳಗಾಗಿ ಕಣ್ಣಿನ ಗುಳಿ ಕಪ್ಪಾಗುತ್ತೆ, ಯಾರನ್ನು ತೆಗೆದರೂ ಜ್ವರ ಬಂದು ಎದ್ದವರ ಥರ ಕಾಣ್ತಾರೆ. ಏಪ್ರಿಲ್ ಕೊನೆ ವಾರದ ಹತ್ತಿರ, ಮತ್ತೆ ಆಗಸ್ಟ್ ಮೂರನೇ ವಾರದ ಹತ್ತಿರ ಮೈಸೂರಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೇ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಈ ಹೊತ್ತನ್ನು ಊಟಕ್ಕೆ, ಸೀರೆ ಅಂಗಡಿಗೆ, ಜಗನ್ಮೋಹನ ಅರಮನೆಯ ಚಿತ್ರಶಾಲೆಯಂಥ ಒಳಗೆ ನೋಡೋ ಜಾಗಕ್ಕೆ ಇಟ್ಟುಕೊಳ್ಳಿ. ನಮ್ಮ ಜನ ಮಾಡೋದು ಉಲ್ಟಾ. ಆರಾಮಾಗಿ ಒಂಬತ್ತಕ್ಕೆ ಬಸ್ ಹತ್ತಿ, ಹತ್ತೂವರೆಗೆ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಇಳಿದು, ತಿಂಡಿ ತಿಂದು, ಹನ್ನೆರಡು ಗಂಟೆಗೆ ಫೋಟೋ ಶುರು ಮಾಡ್ತಾರೆ.

ಅರಮನೆ: ಎರಡು ಸಲ ಹೋಗಿ

ಟಿಕೆಟ್ ಪಡೆದು ಒಳಗೆ ಹೋಗೋದು ಬೆಳಿಗ್ಗೆ 10ರಿಂದ ಸಂಜೆ 5.30. ಬಾಗಿಲು ತೆಗೆದ ಮೊದಲ ಒಂದೂವರೆ ಗಂಟೆಯಲ್ಲೇ ಹೊರಗಿನ ಫೋಟೋ ಮುಗಿಸಿಬಿಡಿ. ಆಗ ಬಿಸಿಲು ಅರಮನೆಯ ಮುಖದ ಮೇಲೆ, ನಿಮ್ಮವರ ಮುಖದ ಮೇಲೆ ಎರಡೂ ಕಡೆ ಇರುತ್ತೆ. ಕಣ್ಣು ಕಿರಿದು ಮಾಡ್ತಾರೆ ಅಂದರೆ ಎಲ್ಲರನ್ನೂ ಸ್ವಲ್ಪ ಓರೆಯಾಗಿ ನಿಲ್ಲಿಸಿ, "ಒಂದು ಎರಡು ಮೂರು" ಅನ್ನೋ ತನಕ ಕಣ್ಣು ಮುಚ್ಚಿಕೊಂಡಿರಿ ಅನ್ನಿ. ಮೂರು ಅಂದ ತಕ್ಷಣ ತೆಗೆಸಿ.

ಇನ್ನೊಂದು ತಪ್ಪು ನಾನು ಪ್ರತಿ ಸಲ ನೋಡ್ತೀನಿ. ಮನೆಯವರನ್ನು ಅರಮನೆ ಬುಡದಲ್ಲಿ ನಿಲ್ಲಿಸಿ, ತೆಗೆಯುವವರು ಹಿಂದೆ ಹಿಂದೆ ಹೋಗ್ತಾರೆ. ಅರಮನೆ ಪೂರ್ತಿ ಬರುತ್ತೆ, ಮನೆಯವರು ಇರುವೆ ಆಗ್ತಾರೆ. ಮಾಡಬೇಕಾದ್ದು ಏನಂದರೆ, ಮನೆಯವರನ್ನೂ ಕರ್ಕೊಂಡು ಹಿಂದಕ್ಕೆ ಬನ್ನಿ. ಅರಮನೆ ದೂರದಲ್ಲಿರಲಿ, ಅವರು ನಿಮ್ಮಿಂದ ಆರೇಳು ಅಡಿಯಲ್ಲಿರಲಿ. ಆಗ ಗೋಪುರವೂ ಪೂರ್ತಿ, ಮುಖವೂ ದೊಡ್ಡದು. ಅರಮನೆಗೆ ಮಾತ್ರ ಅಲ್ಲ, ಬೆಟ್ಟ, ಚರ್ಚು, ಗಡಿಯಾರ ಗೋಪುರ ಯಾವುದಕ್ಕಾದರೂ ಇದೇ.

ಈಗಿನ ಅರಮನೆ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅನ್ನೋ ಇಂಗ್ಲಿಷ್ ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಕಟ್ಟಿದ್ದು, 1912ರಲ್ಲಿ ಮುಗೀತು. ಅಷ್ಟು ಗೊತ್ತಿರುವವರಿಗೂ ದೀಪದ ಹೊತ್ತಿನ ಗುಟ್ಟು ಗೊತ್ತಿರಲ್ಲ.

ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕ್ತಾರೆ. ಒಂದು ಲಕ್ಷದ ಹತ್ತಿರ ಬಲ್ಬು. ಒಂದು ಗಂಟೆಯೊಳಗೆ ಆರಿಸಿಬಿಡ್ತಾರೆ. ಎಲ್ಲರೂ ದಸರಾಕ್ಕೆ, ಇಲ್ಲ ಡಿಸೆಂಬರ್ ರಜೆಗೆ ಹೋಗಿ ಇದರ ಫೋಟೋ ತೆಗೀತಾರೆ. ಆ ತಿಂಗಳಲ್ಲಿ ಆರು, ಆರೂಕಾಲಿಗೆಲ್ಲ ಸೂರ್ಯ ಮುಳುಗಿರೋದರಿಂದ ಏಳು ಗಂಟೆಗೆ ಆಕಾಶ ಇದ್ದಿಲಿನ ಹಾಗೆ ಕಪ್ಪು. ಮೊಬೈಲಲ್ಲಿ ಬರೋದು ಕಪ್ಪು ಹಲಗೆ ಮೇಲೆ ಹಳದಿ ಚುಕ್ಕಿ ಇಟ್ಟ ಹಾಗೆ. ಅದೇ ಜೂನ್ ಕೊನೆ, ಜುಲೈನಲ್ಲಿ ಮೈಸೂರಲ್ಲಿ ಸೂರ್ಯ ಮುಳುಗೋದು 6.50ರ ಸುಮಾರಿಗೆ. ಏಳಕ್ಕೆ ದೀಪ ಹತ್ತಿದಾಗ ಆಕಾಶದಲ್ಲಿ ಇನ್ನೂ ಬೆಳಕಿರುತ್ತೆ, ಏಳೂಕಾಲಿಗೆ ಅದು ಗಾಢ ನೀಲಿ ಆಗುತ್ತೆ. ಆ ನೀಲಿ ಮುಂದೆ ಹಳದಿ ದೀಪ. ನೀವು ಕ್ಯಾಲೆಂಡರಲ್ಲಿ ನೋಡಿರೋದು ಇಂಥ ಬೆಳಕಿನ ಫೋಟೋನೇ. ಮೇ ತಿಂಗಳಿಂದ ಆಗಸ್ಟ್ ಮಧ್ಯದ ತನಕ ಈ ಅವಕಾಶ ಇರುತ್ತೆ, ಮಳೆ ಬಂದು ಕೆಡಿಸದಿದ್ದರೆ. ಮಳೆ ಬಂದು ನಿಂತರೆ ಇನ್ನೂ ಲಾಭ: ನೆಲದ ಮೇಲೆ ನಿಂತ ನೀರಿನ ಹತ್ತಿರ ಮೊಬೈಲ್ ಬಗ್ಗಿಸಿ ಹಿಡಿದರೆ ಅರಮನೆ ಎರಡೆರಡು.

ದೀಪ ನೋಡೋಕೆ ಟಿಕೆಟ್ ಇಲ್ಲ. ಆರೂವರೆಗೇ ಒಳಗೆ ಹೋಗಿ, ಅರಮನೆಗೆ ಎದುರಾಗಿ ನಡುವಿನಲ್ಲಿ ಜಾಗ ಹಿಡಿದು ನಿಂತುಕೊಳ್ಳಿ. ಏಳಕ್ಕೆ ಓಡಿ ಬಂದರೆ ಬೇರೆಯವರ ತಲೆ, ಮೇಲೆತ್ತಿದ ಮೊಬೈಲು ಮಾತ್ರ ಸಿಗುತ್ತೆ. ಹತ್ತಿದ ಮೇಲೆ ಪರದೆ ಮೇಲೆ ದೀಪ ಇರುವ ಕಡೆ ಬೆರಳಿಂದ ಒಂದು ಸಲ ಮುಟ್ಟಿ. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತೆ, ಅದನ್ನು ಕೆಳಗೆ ಎಳೆದರೆ ಫೋಟೋ ಸ್ವಲ್ಪ ಕಪ್ಪಾಗಿ ಒಂದೊಂದು ಬಲ್ಬೂ ಬಿಡಿಬಿಡಿಯಾಗಿ ಕಾಣುತ್ತೆ. ಜೂಮ್ ಮಾಡಬೇಡಿ. ಫ್ಲ್ಯಾಷ್ ಅಂತೂ ಹಾಕಲೇಬೇಡಿ, ಆ ಚಿಕ್ಕ ಬೆಳಕು ಅರಮನೆ ತನಕ ಹೋಗಲ್ಲ, ಮುಂದೆ ನಿಂತವರ ಬೆನ್ನಿಗೆ ಬೀಳುತ್ತೆ ಅಷ್ಟೆ.

ವಾಪಸ್ ಬಸ್ಸು ತಪ್ಪುತ್ತೆ ಅನ್ನೋ ಭಯ ಇದ್ದರೆ ಹೀಗೆ ಲೆಕ್ಕ ಹಾಕಿ. ಏಳೂಕಾಲಿಗೆ ಬೇಕಾದ ಫೋಟೋ ಸಿಕ್ಕಿರುತ್ತೆ. ಏಳೂವರೆಗೆ ಜನರ ನೂಕುನುಗ್ಗಲಿಗೆ ಮುಂಚೆ ಹೊರಗೆ ಬಂದರೆ ಬಸ್ ಸ್ಟ್ಯಾಂಡಿಗೆ ನಡೆದೇ ಹೋಗಬಹುದು. ಹೋಗೋ ಮೊದಲೇ ರಾತ್ರಿಯ ಕೊನೆ ಬಸ್ಸು ಎಷ್ಟಕ್ಕೆ ಅಂತ ಡಿಪೋದವರ ಹತ್ತಿರ ಕೇಳಿಟ್ಟುಕೊಳ್ಳಿ.

ಬೆಟ್ಟದ ಮೇಲೆ ಯಾವಾಗ

ಚಾಮುಂಡಿ ಬೆಟ್ಟ ಇರೋದು ಊರಿನ ಆಗ್ನೇಯಕ್ಕೆ. ಬೆಟ್ಟದ ರಸ್ತೆಯ ವ್ಯೂ ಪಾಯಿಂಟಲ್ಲಿ ನಿಂತು ಊರು ನೋಡಿದರೆ ನಿಮ್ಮ ಮುಖ ಹೆಚ್ಚುಕಡಿಮೆ ವಾಯುವ್ಯಕ್ಕಿರುತ್ತೆ. ಹಾಗಾಗಿ ಬೆಳಿಗ್ಗೆ ಹೋದರೆ ಸೂರ್ಯ ನಿಮ್ಮ ಬೆನ್ನಿಗೆ, ಊರೆಲ್ಲ ಬೆಳಕಲ್ಲಿ: ಅರಮನೆ, ರೇಸ್ ಕೋರ್ಸ್, ಬಿಳಿ ಲಲಿತಮಹಲ್ ಬೆರಳು ಮಾಡಿ ತೋರಿಸಬಹುದು. ಸಂಜೆ ಹೋದರೆ ಊರು ಮಂಕು, ಆದರೆ ಮುಳುಗೋ ಸೂರ್ಯ ಎದುರಿಗೆ. ಎರಡರಲ್ಲಿ ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ ಹೋಗಿ. ಸಂಜೆ ಹೋಗಿ "ಊರೇ ಕಾಣ್ತಿಲ್ಲ, ಬರೀ ಮಂಜು" ಅನ್ನೋದು, ಬೆಳಿಗ್ಗೆ ಹೋಗಿ "ಸನ್‌ಸೆಟ್ ಪಾಯಿಂಟ್ ಎಲ್ಲಿ" ಅನ್ನೋದು ಎರಡನ್ನೂ ಕೇಳಿದ್ದೀನಿ.

ಬೇಸಿಗೆಯಲ್ಲಿ ದೂಳು ತುಂಬಿ ದೂರದ್ದೇನೂ ಕಾಣಲ್ಲ. ಹಿಂದಿನ ರಾತ್ರಿ ಒಳ್ಳೆ ಮಳೆ ಹೊಡೆದು ಬೆಳಿಗ್ಗೆ ಬಿಸಿಲು ಬಂದ ದಿನ ಕಾಣೋ ಹಾಗೆ ಬೇರೆ ದಿನ ಕಾಣೋದೇ ಇಲ್ಲ. ಸಿಟಿ ಬಸ್ ಸ್ಟ್ಯಾಂಡಿಂದ 201ನೇ ನಂಬರ್ ಬಸ್ಸು ಮೇಲಕ್ಕೆ ಹೋಗುತ್ತೆ. ಬಸ್ಸಲ್ಲಿ ಹೋದರೆ ವ್ಯೂ ಪಾಯಿಂಟಿಗೆ ಸ್ವಲ್ಪ ಇಳಿದು ನಡೀಬೇಕು, ವಯಸ್ಸಾದವರಿದ್ದರೆ ಆಟೋ ಮಾಡೋದೇ ಒಳ್ಳೇದು. ಮೆಟ್ಟಿಲ ದಾರಿಯ ಮಧ್ಯದಲ್ಲಿರುವ ನಂದಿ ದೊಡ್ಡ ದೇವರಾಜ ಒಡೆಯರ ಕಾಲದ್ದು, ಏಕಶಿಲೆ. ಅಲ್ಲಿ ಬೆಳಿಗ್ಗೆ ಜನ ಕಮ್ಮಿ. ನಂದಿಯ ಎದುರು ನಿಂತು ತೆಗೆಯೋದಕ್ಕಿಂತ ಒಂದು ಪಕ್ಕದಿಂದ ತೆಗೆದರೆ ಕೊರಳ ಗಂಟೆ, ಸರಗಳ ಕೆತ್ತನೆ ಕಾಣುತ್ತೆ. ಕೊರಳ ಕೆಳಗೆ ನೆರಳು ಬಿದ್ದಾಗಲೇ ಕೆತ್ತನೆ ಎದ್ದು ಕಾಣೋದು, ಕಲ್ಲಿನ ಮೇಲೆ ನೇರ ಬೆಳಕು ಬಿದ್ದರೆ ಚಪ್ಪಟೆ ಆಗಿಬಿಡುತ್ತೆ. ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಹೋದರೂ ಇದನ್ನು ನೆನಪಿಟ್ಟುಕೊಳ್ಳಿ.

ಆಷಾಢದ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ಫೋಟೋ ಆಸೆಯಿಂದ ಹೋಗಬೇಡಿ. ದರ್ಶನಕ್ಕೆ ಹೋಗಿ, ಕೈ ಮುಗಿದು ಬನ್ನಿ. ಗುಡಿಯ ಒಳಗೆ ಮೊಬೈಲ್ ಎತ್ತೋದು ಯಾವತ್ತೂ ಬೇಡ.

ಕೆರೆಯ ವಿಷಯದಲ್ಲಿ ನಮ್ಮ ಹುಣಸೂರಿನವರಿಗೆ ಒಂದು ಅನುಕೂಲ ಇದೆ. ನಮ್ಮ ಬಸ್ಸು ಊರೊಳಗೆ ಬರೋದೇ ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ. ಕಲಾಮಂದಿರದ ಆಸುಪಾಸು ಇಳಿದುಕೊಂಡರೆ ನಡೆಯುವ ದೂರ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ. ಬೆಳಿಗ್ಗೆ ಏಳರೊಳಗೆ ಹೋದರೆ ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲ್ತಿರುತ್ತವೆ, ಮರದ ಸಾಲಿನ ಮಧ್ಯೆ ಬಿಸಿಲು ಕೋಲು ಕೋಲಾಗಿ ಇಳಿಯುತ್ತೆ. ಟಿಕೆಟ್ಟಿನ ದೊಡ್ಡ ಜಾಗಗಳಿಗಿಂತ ಇಲ್ಲಿ ಮನೆಯವರ ಫೋಟೋ ಚೆನ್ನಾಗಿ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ, ಯಾಕಂದರೆ ಅಲ್ಲಿ ಯಾರೂ ಅವಸರ ಮಾಡಲ್ಲ, ಮಕ್ಕಳು ಓಡಾಡ್ತಾ ನಗ್ತಾ ಇರ್ತಾವೆ. ಹಕ್ಕಿ ಹತ್ತಿರ ಬರಲಿ ಅಂತ ಕಲ್ಲು ಹೊಡೆಯೋದು, ಕೂಗೋದು ಮಾಡಬೇಡಿ. ಮೊಬೈಲಲ್ಲಿ ಹಕ್ಕಿ ಹೇಗಿದ್ದರೂ ಚುಕ್ಕಿಯೇ. ಜನವರಿ, ಫೆಬ್ರವರಿಯಲ್ಲಿ ಹೋದರೆ ಮೈಸೂರಿನ ಕೆಲವು ರಸ್ತೆ ಬದಿಯಲ್ಲಿ ಗುಲಾಬಿ ಬಣ್ಣದ ತಬೂಬಿಯಾ ಮರ ಎಲೆ ಉದುರಿಸಿಕೊಂಡು ಬರೀ ಹೂ ಹೊತ್ತು ನಿಂತಿರುತ್ತೆ. ಅದಕ್ಕೆ ಯಾವ ಪಟ್ಟಿಯೂ ಬೇಡ, ಬಸ್ಸಿನ ಕಿಟಕಿಯಿಂದಲೇ ಕಾಣುತ್ತೆ.

ಮಂಗಳವಾರ ವಾರದ ರಜೆ ಇಟ್ಟುಕೊಂಡಿರುವ ಅಂಗಡಿಯವರಿಗೆ ಒಂದು ಮಾತು: ಮೃಗಾಲಯ, ಕಾರಂಜಿ ಕೆರೆ ಎರಡೂ ಮಂಗಳವಾರವೇ ಬಾಗಿಲು ಹಾಕಿರುತ್ತೆ. ಭಾನುವಾರದ ಥರದ ಅರಮನೆ ದೀಪವೂ ಇರಲ್ಲ, ಆ ದಿನ ಸರ್ಕಾರಿ ರಜೆ ಬಿದ್ದಿದ್ದರೆ ಬೇರೆ.

ಮಾರ್ಕೆಟ್ಟಲ್ಲಿ ಕೇಳಿ ತೆಗೀರಿ

ದೇವರಾಜ ಮಾರುಕಟ್ಟೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇದನ್ನು ಓದ್ತಿರೋರಲ್ಲಿ ಅಂಗಡಿಯವರು ಬಹಳ ಜನ. ಸಯ್ಯಾಜಿರಾವ್ ರಸ್ತೆಯಲ್ಲಿ ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದರೆ ಹೂವು, ಬಾಳೆಹಣ್ಣು, ಅರಿಶಿನ ಕುಂಕುಮದ ಗುಡ್ಡೆ. ಮೇಲೆ ಹೊದಿಸಿರುವ ಟಾರ್ಪಾಲಿನ ಸಂದಿಯಿಂದ ಬಿಸಿಲು ಇಳಿದು ಒಂದೊಂದೇ ಗುಡ್ಡೆ ಮೇಲೆ ಬೀಳುತ್ತೆ. ಮಧ್ಯಾಹ್ನ ಹೊರಗೆಲ್ಲೂ ಫೋಟೋ ಬರದ ಹೊತ್ತಲ್ಲೂ ಇಲ್ಲಿ ಬರುತ್ತೆ. ಟಾರ್ಪಾಲು ಬೆಳಕನ್ನು ಸೋಸಿ ಕೊಡುತ್ತೆ, ಮುಖದ ಮೇಲೆ ಗಟ್ಟಿ ನೆರಳು ಬೀಳಲ್ಲ. ಹಾಗಾಗಿ ಬಿಸಿಲು ಹೆಚ್ಚಿದ ಹೊತ್ತನ್ನು ಇಲ್ಲಿಗೆ ಇಟ್ಟುಕೊಳ್ಳಬಹುದು. ಹೂವು ತಾಜಾ ಇರಬೇಕು ಅಂದರೆ ಮಾತ್ರ ಬೆಳಿಗ್ಗೆ.

ಆದರೆ ಯೋಚನೆ ಮಾಡಿ. ನಿಮ್ಮ ಅಂಗಡಿ ಮುಂದೆ ವ್ಯಾಪಾರದ ಹೊತ್ತಲ್ಲಿ ಯಾರೋ ನಾಲ್ಕು ಜನ ಬಂದು ಅಡ್ಡ ನಿಂತು, ನಿಮ್ಮ ಮುಖಕ್ಕೆ ಮೊಬೈಲ್ ಹಿಡಿದು, ಏನೂ ತಗೊಳ್ಳದೆ ಹೋದರೆ ಹೇಗನ್ಸುತ್ತೆ? ಅಲ್ಲಿ ಅದು ದಿನಾ ಆಗುತ್ತೆ. ಒಂದು ಮೊಳ ಹೂವು ತಗೊಳ್ಳಿ, ಕಾಲು ಕೇಜಿ ಹಣ್ಣು ತಗೊಳ್ಳಿ, "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಬಿಡಿ. ಹೂ ಅಂದರೆ ಅವರ ಕೈ ಕೆಲಸ ಮಾಡ್ತಿರೋದನ್ನು ತೆಗೀರಿ, ಹೂ ಕಟ್ಟೋದು, ತೂಕ ಹಾಕೋದು. ತೆಗೆದದ್ದನ್ನು ತೋರಿಸಿ. ಒಮ್ಮೆ ಒಬ್ಬ ಹೂವಿನ ಅಜ್ಜಿ ತನ್ನ ಫೋಟೋ ನೋಡಿ "ಇದ್ನ ನನ್ ಮಗಂಗೆ ಕಳ್ಸಪ್ಪ" ಅಂತ ನಂಬರ್ ಹೇಳಿದರು. ಕಳಿಸಿದೆ. ಅವತ್ತಿಂದ ಅಲ್ಲಿ ಹೋದಾಗ ನನಗೆ ಮೊಳದ ಮೇಲೆ ಒಂದು ಗೇಣು ಜಾಸ್ತಿ.

ಇದು ಯಾವಾಗಲೂ ಹೀಗೇ ಇರುತ್ತೆ ಅಂದುಕೊಳ್ಳಬೇಡಿ. 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದು ಬಿತ್ತು. ಕೆಡವಿ ಹೊಸದು ಕಟ್ಟಬೇಕಾ, ಇದ್ದದ್ದನ್ನೇ ರಿಪೇರಿ ಮಾಡಬೇಕಾ ಅನ್ನೋ ಜಗಳ ವರ್ಷಗಟ್ಟಲೆ ನಡೀತು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಕಥೆ ಇನ್ನೂ ಕೆಟ್ಟದು, 2012ರಲ್ಲಿ ಅದರ ಒಂದು ಭಾಗ ಬಿದ್ದು ನಾಲ್ವರು ಸತ್ತರು. ಹಳೇ ಕಂಬ, ಕಮಾನು ಚೆಂದ ಅಂತ ಇಂಥ ಶಿಥಿಲ ಕಟ್ಟಡದ ಅಡಿಯಲ್ಲಿ, ಮೇಲಿನ ಜಗಲಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ರಸ್ತೆಯ ಈಚೆ ನಿಂತರೂ ಕಮಾನು ಕಾಣುತ್ತೆ.

ಸಂತ ಫಿಲೋಮಿನಾ ಚರ್ಚ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. 175 ಅಡಿ ಎತ್ತರದ ಜೋಡಿ ಗೋಪುರ. ಹತ್ತಿರ ನಿಂತು ಮೊಬೈಲ್ ಮೇಲಕ್ಕೆ ಬಗ್ಗಿಸಿದರೆ ಗೋಪುರ ಹಿಂದಕ್ಕೆ ಬೀಳೋ ಹಾಗೆ ಕಾಣುತ್ತೆ, ಆದಷ್ಟು ದೂರ ಹೋಗಿ ಮೊಬೈಲ್ ನೆಟ್ಟಗೆ ಹಿಡೀರಿ. 0.5 ಅಂತ ಒತ್ತಿ ಎಲ್ಲವನ್ನೂ ತುಂಬಿಸೋಕೆ ಹೋದರೆ ಅಂಚಲ್ಲಿ ನಿಂತವರು ದಪ್ಪ ಆಗ್ತಾರೆ, ಆಮೇಲೆ ಮನೆಗೆ ಬಂದು ಜಗಳ. ಭಾನುವಾರ ಬೆಳಿಗ್ಗೆ ಅಲ್ಲಿ ಪ್ರಾರ್ಥನೆ ಇರುತ್ತೆ, ಆ ಹೊತ್ತು ಬಿಟ್ಟು ಹೋಗಿ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ.

ಹೊಸ ಜಾಗ ಗೊತ್ತಾಗಬೇಕಾದರೆ ಯಾರನ್ನು ಕೇಳಬೇಕು? ಬಸ್ ಸ್ಟ್ಯಾಂಡಿನ ಆಟೋದಲ್ಲಿ "ಅಣ್ಣಾ, ಒಳ್ಳೆ ಫೋಟೋ ಜಾಗಕ್ಕೆ ಕರ್ಕೊಂಡು ಹೋಗಿ" ಅಂತ ಒಮ್ಮೆ ಕೂತೆ. ಹೋಗಿದ್ದು ಒಂದು ರೇಷ್ಮೆ ಅಂಗಡಿಗೆ, ಆಮೇಲೆ ಒಂದು ಗಂಧದೆಣ್ಣೆ ಅಂಗಡಿಗೆ. ಕಮಿಷನ್ ಇರುತ್ತಂತೆ, ಅವರ ಹೊಟ್ಟೆಪಾಡು. ಕೇಳಬೇಕಾದವರು ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರನ್ನು. ಯಾವ ಬೀದಿಯ ಮರ ಯಾವಾಗ ಹೂ ಬಿಡುತ್ತೆ, ಯಾವ ಹಳೇ ಮನೆಯ ಮೇಲೆ ಎಳೆ ಬಿಸಿಲು ಬೀಳುತ್ತೆ ಎಲ್ಲ ಅವರಿಗೆ ಗೊತ್ತು, ಹೇಳೋಕೂ ಅವರಿಗೆ ಇಷ್ಟ.

ಮದುವೆಗೆ ಮುಂಚಿನ ಶೂಟಿಂಗ್ ಮಾಡಿಸುವವರು, ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, ಡ್ರೋನ್ ತರುವವರು ಮೊದಲೇ ಅನುಮತಿ ಕೇಳಿಕೊಂಡು ಹೋಗಿ. ಅರಮನೆ, ಉದ್ಯಾನ, ಕೆರೆಗಳಿಗೆ ಬೇರೆ ಬೇರೆ ಆಡಳಿತ, ಬೇರೆ ಬೇರೆ ನಿಯಮ. ನಮ್ಮ ತಾಲ್ಲೂಕಿನ ಒಬ್ಬ ಸ್ಟುಡಿಯೋ ಹುಡುಗ ಹುಡುಗ ಹುಡುಗಿಯನ್ನು ಮೇಕಪ್ ಸಮೇತ ಕರ್ಕೊಂಡು ಹೋಗಿ ಗೇಟಲ್ಲೇ ವಾಪಸ್ ಬಂದ. ಡೀಸೆಲ್ಲು, ಬಾಡಿಗೆ ಬಟ್ಟೆ, ಮೇಕಪ್ಪು ಎಲ್ಲ ಅವನ ತಲೆ ಮೇಲೆ.

ಈಗ ಬರೆಯೋಕೆ ಇಷ್ಟ ಇಲ್ಲದ ಒಂದು ವಿಷಯ. ಫೋಟೋ ಚೆನ್ನಾಗಿ ಬರುತ್ತೆ ಅಂತ ಮೈಸೂರು ನೋಡಿದ ಮೇಲೆ ಹುಡುಗರು ಬೈಕ್ ತಿರುಗಿಸೋದು ಕಾವೇರಿ ದಡಕ್ಕೆ, ಬಲಮುರಿ, ಎಡಮುರಿ ಕಡೆಗೆ. ಅಲ್ಲಿ ನೀರು ಅಡ್ಡಗಟ್ಟೆ ಮೇಲೆ ಹಾಲಿನ ಹಾಗೆ ಇಳಿಯೋದು ಚೆಂದವೇ. ಆದರೆ ಗಟ್ಟೆಯ ಮೇಲೆ ಪಾಚಿ, ಕೆಳಗೆ ಗುಂಡಿ, ಸುಳಿ. ಮೇಲಿಂದ ನೀರು ಬಿಟ್ಟರೆ ಮೊಣಕಾಲುದ್ದ ಇದ್ದದ್ದು ಸೊಂಟಕ್ಕೆ ಬರೋಕೆ ಹೊತ್ತು ಬೇಕಾಗಿಲ್ಲ. ಅಲ್ಲಿ ಮುಳುಗಿ ಸತ್ತವರ ಸುದ್ದಿಯನ್ನು ನಾನೇ ಟೈಪ್ ಮಾಡಿದ್ದೀನಿ. ಜೊತೆಗಿದ್ದವರ ಮೊಬೈಲಲ್ಲಿ ಕೊನೇ ಫೋಟೋ ಇರುತ್ತೆ, ನೀರಲ್ಲಿ ಕೈ ಎತ್ತಿ ನಗ್ತಾ ನಿಂತಿರೋದು. ಅದನ್ನು ಸುದ್ದಿಗೆ ಕೊಡಿ ಅಂತ ಕೇಳೋ ಕೆಲಸವೂ ನನ್ನದೇ. ದಡದಲ್ಲಿ ನಿಂತು ತೆಗೀರಿ. ಫೋಟೋ ಚೆನ್ನಾಗಿ ಬರೋಕೆ ನೀರು ಹಿಂದೆ ಇದ್ದರೆ ಸಾಕು, ನೀವು ಅದರೊಳಗೆ ಇರಬೇಕಾಗಿಲ್ಲ. ಕೆಆರ್‌ಎಸ್ ಅಣೆಕಟ್ಟಿನ ಮೇಲೆ ಹತ್ತೋಕೆ ಬಿಡಲ್ಲ, ಅದಕ್ಕೆ ಕಾವಲಿನವರ ಹತ್ತಿರ ವಾದ ಮಾಡ್ತಾ ಹೊತ್ತು ಕಳೀಬೇಡಿ.

ಸಂಜೆಯೇ ಹೋಗಬೇಕಾದ ಪರಿಸ್ಥಿತಿ ಬಂದರೆ ಏನು ಮಾಡೋದು ಅಂತ ಕಿರಾಣಿ ಅಣ್ಣ ಕೇಳಿದರು. ಅದಕ್ಕೂ ದಾರಿ ಇದೆ. ಪರದೆ ಮೇಲೆ ಅರಮನೆಯನ್ನು ಮುಟ್ಟಬೇಡಿ, ಮನೆಯವರ ಮುಖ ಮುಟ್ಟಿ. ಆಗ ಮೊಬೈಲು ಮುಖಕ್ಕೆ ಬೆಳಕು ಹೊಂದಿಸುತ್ತೆ. ಹಿಂದಿನ ಆಕಾಶ ಬೆಳ್ಳಗಾಗಿ ಅರಮನೆ ಸ್ವಲ್ಪ ತೇಲಿದ ಹಾಗಾಗುತ್ತೆ, ಆಗಲಿ ಬಿಡಿ. ಅರಮನೆ ಎಲ್ಲೂ ಹೋಗಲ್ಲ. ಇಲ್ಲವಾದರೆ ಎಲ್ಲರನ್ನೂ ಪಕ್ಕಕ್ಕೆ ತಿರುಗಿಸಿ, ಬಿಸಿಲು ಒಂದು ಕೆನ್ನೆಗೆ ಬೀಳೋ ಹಾಗೆ ನಿಲ್ಲಿಸಿ. ಮರದ ನೆರಳಿದ್ದರೆ ಎಲ್ಲರೂ ಪೂರ್ತಿ ನೆರಳಲ್ಲಿ ನಿಲ್ಲಿ, ಅರ್ಧ ಬಿಸಿಲು ಅರ್ಧ ನೆರಳು ಬೇಡ. ಇದೆಲ್ಲಕ್ಕಿಂತ ಮುಂಚೆ ಮೊಬೈಲಿನ ಹಿಂದಿನ ಕಣ್ಣನ್ನು ಅಂಗಿಯ ತುದಿಯಿಂದ ಒರೆಸಿ. ಗಲ್ಲಾಪೆಟ್ಟಿಗೆ ಪಕ್ಕ ಇಟ್ಟು ಎಣ್ಣೆ, ಬೆಲ್ಲದ ಕೈಯಲ್ಲಿ ಹಿಡಿದ ಮೊಬೈಲಲ್ಲಿ ಫೋಟೋ ಮಂಕು ಬರೋದಕ್ಕೆ ಮುಕ್ಕಾಲು ಪಾಲು ಕಾರಣ ಅದೇ.

ಮತ್ತೆ ಒಬ್ಬೊಬ್ಬರದ್ದೂ ಒಂದೊಂದು ಬೇರೆ ಫೋಟೋ ತೆಗೀರಿ, ಎದೆಯಿಂದ ಮೇಲಕ್ಕೆ. ಎಲ್ಲರೂ ಸಾಲಾಗಿ ನಿಂತದ್ದು ಒಂದು ಇದ್ದರೆ ಸಾಕು. ಹಿರಿಯರು "ನನ್ದೇನಕ್ಕೋ, ಮಕ್ಕಳ್ದು ತೆಗಿ" ಅಂತಾರೆ, ಕೇಳಬೇಡಿ. ಊರಿಗೆ ಬಂದ ಮೇಲೆ ಒಳ್ಳೇ ನಾಲ್ಕೈದು ಆರಿಸಿ ಪ್ರಿಂಟ್ ಹಾಕಿಸಿ. ಸ್ಟುಡಿಯೋಗೆ ಕಳಿಸುವಾಗ ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಕಳಿಸೋ ಹಾಗೆ ಕಳಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತೆ, ದೊಡ್ಡದು ಮಾಡಿದರೆ ಒಡೆಯುತ್ತೆ. ಡಾಕ್ಯುಮೆಂಟ್ ಅಂತ ಇರೋದನ್ನು ಒತ್ತಿ ಕಳಿಸಿ, ಇಲ್ಲ ಮೊಬೈಲನ್ನೇ ತಗೊಂಡು ಹೋಗಿ ಕೇಬಲ್ ಹಾಕಿಸಿ.

ಕಿರಾಣಿ ಅಣ್ಣ ಜುಲೈನ ಒಂದು ಭಾನುವಾರಕ್ಕೆ ಮತ್ತೆ ಶಟರ್ ಎಳೆಯೋ ಲೆಕ್ಕದಲ್ಲಿದ್ದಾರೆ. ಈ ಸಲ ಹೆಂಡತಿಯ ತಾಯಿಯನ್ನೂ ಕರ್ಕೊಂಡು ಹೋಗ್ತಾರಂತೆ. ಮಾಮೂಲಿ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಇಬ್ಬರ ಚಾರ್ಜು ಉಳೀತು ಅಂತ ಆಗಲೇ ಖುಷಿ. ಬೆಳಿಗ್ಗೆ ಆರಕ್ಕೆ ಬಸ್ಸು, ಮೊದಲು ಕೆರೆ, ಹತ್ತಕ್ಕೆ ಅರಮನೆ, ಮೃಗಾಲಯ ಮಧ್ಯಾಹ್ನದ ಮೇಲೆ, ಏಳಕ್ಕೆ ಮತ್ತೆ ಅರಮನೆ. ಅತ್ತೆಗೆ ಹಸಿರು ಸೀರೆ ಉಡಿಸಬೇಕಾ, ಕೆಂಪು ಸೀರೆ ಉಡಿಸಬೇಕಾ ಅಂತ ನಿನ್ನೆ ಅಂಗಡಿ ಮುಂದೆ ನಿಲ್ಲಿಸಿ ಕೇಳಿದರು. ಕೆಂಪೇ ಇರಲಿ ಅಂದೆ.